ಓದುಗರ ಪ್ರಶ್ನೆ–ಉತ್ತರ: ಎರಡು ಸದಿಶಗಳ ನಡುವಿನ ಕೋನ

ಈ ಸಂಚಿಕೆಗಾಗಿ ಬಂದ ಗಣಿತದ ಪತ್ರಗಳಲ್ಲಿ ನಾಲ್ಕು, ಬರೆದವರಿಗೆ ಪರಸ್ಪರ ಪರಿಚಯವಿಲ್ಲದಿದ್ದರೂ, ಒಂದೇ ಸಂಗತಿಯ ಸುತ್ತ ಇವೆ: ಎರಡು ಸದಿಶಗಳ, ಎಂದರೆ ಉದ್ದವೂ ದಿಕ್ಕೂ ಇರುವ ಬಾಣಗಳ, ನಡುವಿನ ಕೋನ. ಒಬ್ಬರು ವಿದ್ಯಾರ್ಥಿನಿ, ಒಬ್ಬರು ಮನೆ ಕಟ್ಟಲು ಹೊರಟವರು, ಒಬ್ಬರು ಎಣ್ಣೆ ಮಿಲ್ಲಿನವರು, ಇನ್ನೊಬ್ಬರು ಎಂಜಿನಿಯರಿಂಗ್ ಓದುತ್ತಿರುವವರು. ದಾವಣಗೆರೆಯಲ್ಲಿ ಬಹಳ ವರ್ಷ ಪಿಯು ತರಗತಿಗಳಿಗೆ ಗಣಿತ ಕಲಿಸಿದವನಾದ್ದರಿಂದ ಈ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು ಉತ್ತರಿಸಬೇಕೆಂದು ನನಗೆ ಅನ್ನಿಸಿತು. ಮೊದಲ ಉತ್ತರವನ್ನು ಓದದೆ ಉಳಿದವನ್ನು ಓದಿದರೆ ಸ್ವಲ್ಪ ತೊಡಕಾಗಬಹುದು.

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯಲ್ಲಿ ದ್ವಿತೀಯ ಪಿಯು ಓದುತ್ತಿದ್ದೇನೆ. ಒಂದು ಸದಿಶದ ಘಟಕಗಳು 4 ಮತ್ತು 3 (ಬಲಕ್ಕೆ 4, ಮೇಲಕ್ಕೆ 3). ಇನ್ನೊಂದರ ಘಟಕಗಳು −5 ಮತ್ತು 12. ಇವುಗಳ ನಡುವಿನ ಕೋನವನ್ನು ಹಿಂದಿನ ವರ್ಷ ಕಲಿತ ತ್ರಿಕೋನಮಿತಿಯಿಂದಲೇ ಕಂಡುಹಿಡಿಯೋಣವೆಂದು, ಪ್ರತಿಯೊಂದು ಸದಿಶವೂ ಎಕ್ಸ್ ಅಕ್ಷದೊಡನೆ ಮಾಡುವ ಕೋನವನ್ನು ಟ್ಯಾನ್ ವಿಲೋಮದಿಂದ (ಟ್ಯಾನ್ ಬೆಲೆಯಿಂದ ಹಿಂದಕ್ಕೆ ಕೋನ ತೆಗೆಯುವುದರಿಂದ) ಪಡೆದು, ಒಂದರಿಂದ ಇನ್ನೊಂದನ್ನು ಕಳೆದೆ. 104.25 ಡಿಗ್ರಿ ಬಂತು. ಪುಸ್ತಕದಲ್ಲಿರುವ ಬಿಂದು ಗುಣಲಬ್ಧದ ಸೂತ್ರದಿಂದ, ಎಂದರೆ ಜೋಡಿ ಘಟಕಗಳನ್ನು ಗುಣಿಸಿ ಕೂಡಿ, ಎರಡು ಸದಿಶಗಳ ಪರಿಮಾಣಗಳ (ಉದ್ದಗಳ) ಗುಣಲಬ್ಧದಿಂದ ಭಾಗಿಸಿ, ಕೊಸೈನ್ ವಿಲೋಮ ತೆಗೆದಾಗ 75.75 ಡಿಗ್ರಿ ಬಂತು. ನನ್ನ ವಿಧಾನದಲ್ಲಿ ತಪ್ಪೆಲ್ಲಿದೆ? ಹಾಗೆಯೇ, ಘಟಕಗಳನ್ನು ಗುಣಿಸಿ ಕೂಡಿಬಿಟ್ಟರೆ ಕೋನ ಸಿಗುವುದಾದರೂ ಹೇಗೆ? ಸೂತ್ರ ಬಾಯಿಪಾಠವಾಗಿದೆ, ಆದರೆ ಒಪ್ಪಿಗೆಯಾಗಿಲ್ಲ.

ಉತ್ತರ: ನಿಮ್ಮ ಎರಡು ಉತ್ತರಗಳನ್ನು ಕೂಡಿ ನೋಡಿ, ಸರಿಯಾಗಿ 180 ಡಿಗ್ರಿ ಬರುತ್ತದೆ. ಇದು ಆಕಸ್ಮಿಕವಲ್ಲ, ನಿಮ್ಮ ತಪ್ಪಿನ ಸುಳಿವು ಇಲ್ಲಿಯೇ ಇದೆ. ಎರಡನೆಯ ಸದಿಶಕ್ಕೆ ನೀವು 12ನ್ನು −5ರಿಂದ ಭಾಗಿಸಿ −2.4 ಪಡೆದು, ಅದರ ಟ್ಯಾನ್ ವಿಲೋಮವಾಗಿ −67.38 ಡಿಗ್ರಿಯನ್ನು ತೆಗೆದುಕೊಂಡಿದ್ದೀರಿ. ಆದರೆ ಘಟಕಗಳು 5 ಮತ್ತು −12 ಆಗಿದ್ದರೂ ಭಾಗಲಬ್ಧ −2.4 ಆಗಿಯೇ ಇರುತ್ತಿತ್ತು. ಈ ಎರಡು ಸದಿಶಗಳು ಒಂದಕ್ಕೊಂದು ನೇರ ಎದುರು ದಿಕ್ಕಿನವು, ಅಕ್ಷಗಳು ಮಾಡುವ ನಾಲ್ಕು ಭಾಗಗಳಲ್ಲಿ ಒಂದು ಎರಡನೆಯ ಚತುರ್ಥಕದಲ್ಲಿದ್ದರೆ (ಎಡ ಮೇಲ್ಭಾಗ) ಮತ್ತೊಂದು ನಾಲ್ಕನೆಯದರಲ್ಲಿದೆ (ಬಲ ಕೆಳಭಾಗ). ಭಾಗಾಕಾರ ಮಾಡಿದ ಕ್ಷಣದಲ್ಲಿಯೇ ಯಾವ ಘಟಕಕ್ಕೆ ಋಣಚಿಹ್ನೆ ಇತ್ತೆಂಬುದು ಅಳಿಸಿಹೋಗುತ್ತದೆ, ಮತ್ತು ಕ್ಯಾಲ್ಕ್ಯುಲೇಟರು ತನಗೆ ಸಿಕ್ಕ −2.4 ಒಂದನ್ನೇ ನಂಬಿ ನಾಲ್ಕನೆಯ ಚತುರ್ಥಕದ ಉತ್ತರವನ್ನು ಕೊಡುತ್ತದೆ. ನಿಮ್ಮ ಸದಿಶ ಎಡಕ್ಕೂ ಮೇಲಕ್ಕೂ ಹೋಗುವುದರಿಂದ ಅದರ ನಿಜವಾದ ದಿಕ್ಕು 180 − 67.38, ಎಂದರೆ 112.62 ಡಿಗ್ರಿ. ಮೊದಲ ಸದಿಶದ ದಿಕ್ಕು 36.87 ಡಿಗ್ರಿ. ಕಳೆದರೆ 75.75. ಆದ್ದರಿಂದ ನಿಮ್ಮ ವಿಧಾನ ತಪ್ಪಲ್ಲ. ಒಂದು ಚಿತ್ರ ಬರೆದು ಚತುರ್ಥಕವನ್ನು ಗುರುತಿಸಿಕೊಂಡಿದ್ದರೆ ಸರಿಯಾದ ಉತ್ತರವೇ ಬರುತ್ತಿತ್ತು.

ಇನ್ನು ಎರಡನೆಯ ಪ್ರಶ್ನೆ. ಸೂತ್ರ ಬಾಯಿಗೆ ಬಂದರೂ ಮನಸ್ಸು ಒಪ್ಪಿಲ್ಲ ಎಂದು ನೀವು ಬರೆದಿರುವುದನ್ನು ಓದಿ ನನಗೆ ನಿಜವಾಗಿ ಸಂತೋಷವಾಯಿತು, ಏಕೆಂದರೆ ಈ ಅತೃಪ್ತಿಯಿಂದಲೇ ಗಣಿತ ಪ್ರಾರಂಭವಾಗುತ್ತದೆ. ಉತ್ತರಕ್ಕೆ ಮೊದಲು ಮನೆಯಲ್ಲಿ ಒಂದು ಸಣ್ಣ ಸಲಕರಣೆ ಮಾಡಿಕೊಳ್ಳಿ. ಬಡಗಿಯವರ ಬಳಿ ಸಿಗುವ ಮರದ ರೀಪರಿನ ಎರಡು ತುಂಡುಗಳನ್ನು ತೆಗೆದುಕೊಳ್ಳಿ. ಒಂದು 50 ಸೆಂಟಿಮೀಟರ್, ಇನ್ನೊಂದು 130 ಸೆಂಟಿಮೀಟರ್ ಉದ್ದವಿರಲಿ. ಎರಡರ ಒಂದೊಂದು ತುದಿಯನ್ನು ಜೋಡಿಸಿ ಮೊಳೆ ಹೊಡೆಯಿರಿ, ಕತ್ತರಿಯಂತೆ ತೆರೆದು ಮುಚ್ಚುವಷ್ಟು ಸಡಿಲವಾಗಿರಲಿ. ಉಳಿದ ಎರಡು ತುದಿಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಿರಿ. ನಿಮ್ಮ ಲೆಕ್ಕದ ಸದಿಶಗಳ ಪರಿಮಾಣ 5 ಮತ್ತು 13 ಆಗಿರುವುದರಿಂದ 10 ಸೆಂಟಿಮೀಟರನ್ನು ಒಂದು ಮಾನವೆಂದು ಭಾವಿಸಿದರೆ ಈ ರೀಪರುಗಳೇ ನಿಮ್ಮ ಸದಿಶಗಳು. ನಾನು ತರಗತಿಯಲ್ಲಿ ಇದನ್ನು ಮೇಜಿನ ಮೇಲಿಟ್ಟು, ಹಿಂದಿನ ಬೆಂಚಿನವರನ್ನು ಕರೆದು ದಾರವನ್ನು ಅವರಿಂದಲೇ ಅಳೆಸುತ್ತಿದ್ದೆ.

ರೀಪರುಗಳು ಲಂಬಕೋನದಲ್ಲಿದ್ದಾಗ ದಾರದ ಉದ್ದವನ್ನು ಪೈಥಾಗೊರಸ್ ಪ್ರಮೇಯವೇ ಹೇಳುತ್ತದೆ: 25 ಮತ್ತು 169 ಕೂಡಿದರೆ 194, ಅದರ ವರ್ಗಮೂಲ ಸುಮಾರು 13.93, ಎಂದರೆ 139.3 ಸೆಂಟಿಮೀಟರ್. ಈಗ ರೀಪರುಗಳನ್ನು ಸ್ವಲ್ಪ ಮುಚ್ಚಿ, ದಾರ ಕುಗ್ಗುತ್ತದೆ. ಲಂಬಕ್ಕಿಂತ ಹೆಚ್ಚು ತೆರೆಯಿರಿ, ದಾರ ಹಿಗ್ಗುತ್ತದೆ. ಆದ್ದರಿಂದ ಕೋನಮಾಪಕವಿಲ್ಲದೆಯೂ ದಾರದ ಉದ್ದವೊಂದರಿಂದಲೇ ಕೋನ ಎಷ್ಟೆಂದು ಹೇಳಬಹುದು. ಎಷ್ಟು ಕುಗ್ಗಿದರೆ ಎಷ್ಟು ಕೋನ ಎಂಬುದಷ್ಟೇ ತಿಳಿಯಬೇಕಾದದ್ದು, ಅದನ್ನು ತಿಳಿಸುವುದು ತ್ರಿಕೋನಮಿತಿ.

ರೀಪರುಗಳ ನಡುವಿನ ಕೋನವನ್ನು ಥೀಟಾ ಎನ್ನೋಣ. ಉದ್ದನೆಯ ರೀಪರಿನ ತುದಿಯಿಂದ ಗಿಡ್ಡ ರೀಪರಿನ ರೇಖೆಗೆ ಒಂದು ಲಂಬ ಎಳೆಯಿರಿ. ಲಂಬದ ಬುಡವು ಮೊಳೆಯಿಂದ 13 ಕೊಸೈನ್ ಥೀಟಾ ದೂರದಲ್ಲಿರುತ್ತದೆ, ಲಂಬದ ಎತ್ತರ 13 ಸೈನ್ ಥೀಟಾ ಆಗಿರುತ್ತದೆ. ಆಗ ದಾರವು ಒಂದು ಲಂಬಕೋನ ತ್ರಿಭುಜದ ಕರ್ಣವಾಗುತ್ತದೆ. ಅದರ ಒಂದು ಬಾಹು (5 − 13 ಕೊಸೈನ್ ಥೀಟಾ), ಇನ್ನೊಂದು 13 ಸೈನ್ ಥೀಟಾ. ಎರಡರ ವರ್ಗಗಳನ್ನು ಬಿಡಿಸಿ ಕೂಡಿದಾಗ ಸೈನ್ ವರ್ಗವೂ ಕೊಸೈನ್ ವರ್ಗವೂ ಸೇರಿ 1 ಆಗಿ, ಉಳಿಯುವುದು ಇಷ್ಟು: ದಾರದ ವರ್ಗ = 25 + 169 − 130 ಕೊಸೈನ್ ಥೀಟಾ. ಇದನ್ನೇ ಕೊಸೈನ್ ನಿಯಮವೆಂದು ನೀವು ಕಲಿತಿದ್ದೀರಿ. ನಾನು ಇದನ್ನು ಇನ್ನೊಂದು ಮಾತಿನಲ್ಲಿ ಹೇಳಲು ಬಯಸುತ್ತೇನೆ: ಪೈಥಾಗೊರಸ್ ಹೇಳಿದ 194ಕ್ಕೆ ಹೋಲಿಸಿದರೆ ದಾರದ ವರ್ಗದಲ್ಲಿ ಎಷ್ಟು ಕೊರತೆ ಬಿದ್ದಿದೆಯೋ ಆ ಕೊರತೆಯ ಅರ್ಧವೇ 5 × 13 × ಕೊಸೈನ್ ಥೀಟಾ.

ಈಗ ತ್ರಿಕೋನಮಿತಿಯನ್ನು ಪಕ್ಕಕ್ಕಿಟ್ಟು ಅದೇ ದಾರವನ್ನು ಘಟಕಗಳಿಂದ ಅಳೆಯೋಣ. (4, 3) ಬಿಂದುವಿನಿಂದ (−5, 12) ಬಿಂದುವಿಗೆ ಹೋಗಲು ಎಡಕ್ಕೆ 9, ಮೇಲಕ್ಕೆ 9 ಹೋಗಬೇಕು. ದಾರದ ವರ್ಗ 81 + 81 = 162. ಕೊರತೆ 194 − 162 = 32. ಅದರ ಅರ್ಧ 16. ನೀವು ಸೂತ್ರದಲ್ಲಿ ಗುಣಿಸಿ ಕೂಡಿದಾಗ ಬಂದದ್ದೂ 4 × (−5) + 3 × 12 = −20 + 36 = 16. ಇದು ಹೊಂದಿಕೆಯಾಗಲೇಬೇಕು, ಏಕೆಂದರೆ ಶಾಲೆಯಲ್ಲಿ ಕಲಿತಂತೆ (ಅ − ಬ) ವರ್ಗವನ್ನು ಬಿಡಿಸಿದಾಗ ಅ ವರ್ಗ ಮತ್ತು ಬ ವರ್ಗಗಳ ಜೊತೆಗೆ ‘−2ಅಬ’ ಎಂಬ ನಡುವಿನ ಪದ ಬರುತ್ತದೆ. ಅಡ್ಡ ಘಟಕಗಳಿಗೆ ಒಮ್ಮೆ, ನೆಟ್ಟಗಿನ ಘಟಕಗಳಿಗೆ ಒಮ್ಮೆ ಹೀಗೆ ಬಿಡಿಸಿದರೆ, ವರ್ಗಗಳೆಲ್ಲ ಸೇರಿ 194 ಆಗುತ್ತವೆ. ನಡುವಿನ ಪದಗಳೆರಡು ಸೇರಿ ಕೊರತೆಯಾಗುತ್ತವೆ. ಘಟಕಗಳನ್ನು ಗುಣಿಸಿ ಕೂಡುವುದೆಂದರೆ ಈ ಕೊರತೆಯ ಅರ್ಧವನ್ನು ಲೆಕ್ಕ ಮಾಡುವುದೇ ಹೊರತು ಬೇರೇನೂ ಅಲ್ಲ. ಒಂದೇ ಕೊರತೆಯ ಅರ್ಧವನ್ನು ತ್ರಿಕೋನಮಿತಿ 65 ಕೊಸೈನ್ ಥೀಟಾ ಎಂದಿತು, ಬೀಜಗಣಿತ 16 ಎಂದಿತು. ಆದ್ದರಿಂದ ಕೊಸೈನ್ ಥೀಟಾ 16/65, ಥೀಟಾ 75.75 ಡಿಗ್ರಿ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ 16/65ರ ಕೊಸೈನ್ ವಿಲೋಮ ಎಂದು ಬರೆದು ನಿಲ್ಲಿಸಿದರೆ ಸಾಕು.

ಈ ಕೊರತೆಯ ಮಾತನ್ನು ನಾನು ಕಟ್ಟಿದ್ದಲ್ಲ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ, 12 ಮತ್ತು 13ನೆಯ ಪ್ರಮೇಯಗಳಾಗಿ, ವಿಶಾಲಕೋನದ ಎದುರಿನ ಬಾಹುವಿನ ವರ್ಗ ಎಷ್ಟು ಹೆಚ್ಚು, ಲಘುಕೋನದ ಎದುರಿನದು ಎಷ್ಟು ಕಡಿಮೆ ಎಂಬುದನ್ನು ಹೇಳಿದ್ದಾನೆ. ಆ ಹೆಚ್ಚು–ಕಡಿಮೆಯನ್ನು ಅವನು ಒಂದು ಬಾಹು ಮತ್ತು ಲಂಬವು ಕತ್ತರಿಸಿದ ತುಂಡು ಇವುಗಳಿಂದಾದ ಆಯತದ ಎರಡರಷ್ಟು ಎನ್ನುತ್ತಾನೆ. ಆ ಆಯತವೇ ನಮ್ಮ ಬಿಂದು ಗುಣಲಬ್ಧ. ಅವನ ಕೈಯಲ್ಲಿ ಕೊಸೈನ್ ಇರಲಿಲ್ಲ, ಸದಿಶವೂ ಇರಲಿಲ್ಲ. ಸೈನ್ ಮತ್ತು ಕೊಸೈನ್‌ಗಳ ಮೂಲವಾದ ಜ್ಯಾ ಮತ್ತು ಕೋಟಿಜ್ಯಾಗಳು ನಮ್ಮ ಕಡೆಯವು. 499ರ ಆರ್ಯಭಟನ ಕೃತಿಯಲ್ಲಿ ಜ್ಯಾಗಳ ಪಟ್ಟಿ ಇದೆ, ಮತ್ತು ಇಂದಿನ ‘ಸೈನ್’ ಎಂಬ ಪದವು ಜ್ಯಾ ಪದವೇ ಅರಬ್ಬಿಯ ಮೂಲಕ ಹೋಗಿ ಲ್ಯಾಟಿನ್ನಿನಲ್ಲಿ ತಪ್ಪು ಅರ್ಥದಿಂದ ಅನುವಾದಗೊಂಡು ಬಂದದ್ದು. ಸದಿಶಗಳ ನಡುವೆ ಬಿಂದುವಿಟ್ಟು ಬರೆಯುವ ಪದ್ಧತಿ ಮಾತ್ರ ತೀರ ಈಚಿನದು. ಅಮೆರಿಕದ ವಿಜ್ಞಾನಿ ಗಿಬ್ಸ್ 1881ರಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ಅಚ್ಚು ಮಾಡಿಸಿದ ಕಿರುಹೊತ್ತಿಗೆಯಿಂದ ಅದು ಹರಡಿತು.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ ಹೇಳಬೇಕು. ಕೊಸೈನ್ ಬದಲು ಸೈನ್ ಬಳಸುವ ಸೂತ್ರವೂ ಪುಸ್ತಕದಲ್ಲಿದೆ. ಘಟಕಗಳನ್ನು ಅಡ್ಡಕ್ಕೆ ಗುಣಿಸಿ ಕಳೆದರೆ 5 × 13 × ಸೈನ್ ಥೀಟಾ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 4 × 12 − 3 × (−5) = 63, ಸೈನ್ ವಿಲೋಮ ತೆಗೆದರೆ 75.75 ಡಿಗ್ರಿಯೇ ಬರುತ್ತದೆ. ಈಗ (3, 4) ಮತ್ತು (−12, 5) ಸದಿಶಗಳನ್ನು ತೆಗೆದುಕೊಳ್ಳಿ. ಪರಿಮಾಣಗಳು ಅವೇ, 5 ಮತ್ತು 13. ಅಡ್ಡ ಗುಣಾಕಾರವೂ 15 + 48 = 63. ಸೈನ್ ಪ್ರಕಾರ ಮತ್ತೆ 75.75 ಡಿಗ್ರಿ. ಆದರೆ ಬಿಂದು ಗುಣಲಬ್ಧ −36 + 20 = −16; ಕೊಸೈನ್ ಋಣವಾಗಿದೆ, ದಾರ 139.3 ಸೆಂಟಿಮೀಟರನ್ನು ದಾಟಿ 150.3 ಆಗಿದೆ, ನಿಜವಾದ ಕೋನ 104.25 ಡಿಗ್ರಿ. ಒಂದು ಕೋನಕ್ಕೂ 180ರಿಂದ ಅದನ್ನು ಕಳೆದ ಕೋನಕ್ಕೂ ಸೈನ್ ಒಂದೇ ಆಗಿರುವುದರಿಂದ ಲಘುಕೋನವೋ ವಿಶಾಲಕೋನವೋ ಎಂಬುದನ್ನು ಸೈನ್ ತಿಳಿಸಲಾರದು. ಸೊನ್ನೆಯಿಂದ 180ರವರೆಗೆ ಪ್ರತಿಯೊಂದು ಕೋನಕ್ಕೂ ಬೇರೆಬೇರೆ ಬೆಲೆಯನ್ನು ಕೊಡುವುದು ಕೊಸೈನ್ ಮಾತ್ರ. ನಿಮ್ಮ ಪುಸ್ತಕ ಕೊಸೈನನ್ನೇ ಆರಿಸಿಕೊಂಡಿರುವುದು ಇದಕ್ಕಾಗಿ.

ಇನ್ನೊಂದನ್ನು ನೋಡಿಬಿಡಿ: 16ರ ವರ್ಗ 256, 63ರ ವರ್ಗ 3969, ಕೂಡಿದರೆ 4225, ಅದು 65ರ ವರ್ಗ. ಎರಡು ವರ್ಗಗಳ ಮೊತ್ತವನ್ನು ಇನ್ನೆರಡು ವರ್ಗಗಳ ಮೊತ್ತದಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ ಎಂಬ ನಿತ್ಯಸಮೀಕರಣ 628ರಲ್ಲಿ ಗ್ರಂಥ ರಚಿಸಿದ ಬ್ರಹ್ಮಗುಪ್ತನ ಹೆಸರಿನಲ್ಲಿದೆ. ಸೈನ್ ವರ್ಗ ಮತ್ತು ಕೊಸೈನ್ ವರ್ಗ ಸೇರಿ 1 ಎನ್ನುವುದನ್ನು ಘಟಕಗಳಲ್ಲಿ ಬರೆದರೆ ಸಿಗುವುದು ಅದೇ.

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ ನಮ್ಮದೊಂದು ಮೂವತ್ತು–ನಲವತ್ತರ ಸೈಟು ಇದೆ. ಪಾಯ ತೆಗೆಯಲು ಬಂದ ಮೇಸ್ತ್ರಿಯವರು ಮೂಲೆಮಟ್ಟ ಇಟ್ಟು ನೋಡಿ, ಮೂಲೆ ಸರಿಯಿಲ್ಲ ಎಂದರು. ಟೇಪು ಹಿಡಿದು ಅಳೆದೆವು. ನಾಲ್ಕು ಬದಿಗಳೂ 30, 40, 30, 40 ಅಡಿ ಸರಿಯಾಗಿಯೇ ಇವೆ, ಆದರೆ ಆ ಮೂಲೆಯ ಎದುರಿಗೆ ಬರುವ ಕರ್ಣ 48 ಅಡಿ ಇದೆ. ಮೂಲೆ ಎಷ್ಟು ಡಿಗ್ರಿ ಇದೆ? ನಮ್ಮ ಜಾಗ ಎಷ್ಟು ಕಡಿಮೆಯಾದಂತಾಯಿತು?

ಉತ್ತರ: ನಿಮ್ಮ ಸೈಟಿನ ಎರಡು ಬದಿಗಳೇ ಸದಿಶಗಳು, ಕರ್ಣವೇ ಮೇಲೆ ಹೇಳಿದ ದಾರ. ಮೂಲೆ ಲಂಬವಾಗಿದ್ದರೆ 900 ಮತ್ತು 1600 ಸೇರಿ 2500, ಕರ್ಣ 50 ಅಡಿ ಇರಬೇಕಿತ್ತು. ನಿಮ್ಮದು 48, ಅದರ ವರ್ಗ 2304. ಕೊರತೆ 196, ಅದರ ಅರ್ಧ 98. ಇದನ್ನು 30 × 40ರಿಂದ, ಎಂದರೆ 1200ರಿಂದ ಭಾಗಿಸಿದರೆ ಕೊಸೈನ್ 0.0817, ಕೋನ 85.32 ಡಿಗ್ರಿ. ಲಂಬಕೋನಕ್ಕೆ ಐದು ಡಿಗ್ರಿಗಿಂತ ಸ್ವಲ್ಪ ಕಡಿಮೆ ಬಿದ್ದಿದೆ.

ಮೇಸ್ತ್ರಿಯವರು ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ ನಡುವೆ 5 ಅಡಿ ಬರುತ್ತದೆಯೇ ಎಂದು ನೋಡುವ ರೂಢಿ ಇದೆಯಲ್ಲ, ಅದನ್ನು ಇಲ್ಲಿ ಮಾಡಿದರೆ 5 ಅಡಿ ಬರುವುದಿಲ್ಲ, 4 ಅಡಿ ಒಂಬತ್ತೂವರೆ ಇಂಚಿನಷ್ಟು ಬರುತ್ತದೆ. ಅವರು ಸೂತ್ರದ ಹೆಸರು ಹೇಳದಿರಬಹುದು, ಅಳೆಯುತ್ತಿರುವುದು ಮಾತ್ರ ಇದೇ ಕೊರತೆಯನ್ನು.

ಜಾಗದ ವಿಷಯದಲ್ಲಿ ಉತ್ತರ ಎರಡು ಬಗೆಯಾಗಿದೆ, ದಯವಿಟ್ಟು ಎರಡನ್ನೂ ಗಮನಿಸಿ. ವಿಸ್ತೀರ್ಣಕ್ಕೆ ಬೇಕಾಗುವುದು ಸೈನ್. 85.32 ಡಿಗ್ರಿಯ ಸೈನ್ 0.9967, 1200ಕ್ಕೆ ಗುಣಿಸಿದರೆ 1196 ಚದರ ಅಡಿ. ನಷ್ಟ ನಾಲ್ಕೇ ಚದರ ಅಡಿ. ಲಂಬಕೋನದ ಹತ್ತಿರ ಸೈನ್ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಆದರೆ ಕೊಸೈನ್ ಅಲ್ಲಿಯೇ ಅತ್ಯಂತ ಚುರುಕಾಗಿ ಬದಲಾಗುತ್ತದೆ: 30 ಅಡಿಯ ಬದಿಯು 30 × 0.0817, ಅಂದರೆ ಸುಮಾರು ಎರಡೂವರೆ ಅಡಿ ಪಕ್ಕಕ್ಕೆ ಸರಿದಿದೆ. ನೀವು 40 ಅಡಿಯ ಬದಿಗೆ ಸಮಾನಾಂತರವಾಗಿ, ನಾಲ್ಕೂ ಮೂಲೆ ಲಂಬವಾಗಿರುವ ಮನೆಯನ್ನು ಸೈಟಿನ ಪೂರ್ತಿ ಅಗಲಕ್ಕೆ ಕಟ್ಟಲು ಹೋದರೆ ಉದ್ದ 37 ಅಡಿ ಆರೂವರೆ ಇಂಚಿಗೆ ಇಳಿಯುತ್ತದೆ, ಸಿಗುವ ಆಯತ 1123 ಚದರ ಅಡಿಯಷ್ಟು. ಉಳಿದದ್ದು ಎರಡು ತುದಿಗಳಲ್ಲಿ ತ್ರಿಕೋನದ ಚೂರುಗಳಾಗಿ ಹೋಗುತ್ತದೆ. ಬಿಡಬೇಕಾದ ಖಾಲಿ ಜಾಗವನ್ನು ನಾನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ಚೂರುಗಳು ಖಾಲಿ ಬಿಡುವ ಜಾಗದಲ್ಲಿಯೇ ಸೇರಿಹೋಗುವಂತೆ ನಕ್ಷೆ ಮಾಡಿಸಿದರೆ ತೊಂದರೆ ಬಹಳ ಕಡಿಮೆಯಾಗುತ್ತದೆ, ಗೋಡೆಯನ್ನೇ ಓರೆ ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ಪಾಯಕ್ಕೆ ಮೊದಲು ಇನ್ನೊಂದು ಕರ್ಣವನ್ನೂ ಅಳೆಯಿರಿ. ಎದುರುಬದುರಿನ ಬದಿಗಳು ಸಮವಾಗಿರುವುದು ನಿಜವಾದರೆ ಅದು 51 ಅಡಿ 11 ಇಂಚಿನ ಆಸುಪಾಸಿನಲ್ಲಿರಬೇಕು. ಹಾಗಿಲ್ಲವಾದರೆ ಬದಿಗಳ ಅಳತೆಯಲ್ಲಿಯೇ ಎಲ್ಲೋ ಟೇಪು ಜೋತುಬಿದ್ದಿದೆ ಎಂದು ತಿಳಿದು ಮತ್ತೆ ಅಳೆಯಬೇಕು.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಶೇಂಗಾ ಎಣ್ಣೆ ಮಿಲ್ಲಿನ ಶೀಟಿನ ಚಾವಣಿ ಪಶ್ಚಿಮಕ್ಕೆ 15 ಡಿಗ್ರಿ ಇಳಿಜಾರಾಗಿದೆ. ಅದರ ಮೇಲೆಯೇ ಸೋಲಾರ್ ಫಲಕಗಳನ್ನು ಕೂರಿಸಬೇಕೆಂದಿದ್ದೇವೆ. ನಮ್ಮ ಊರಿನಲ್ಲಿ ಹಗಲು ರಾತ್ರಿ ಸಮವಾಗಿರುವ ದಿನ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 14 ಡಿಗ್ರಿ ವಾಲಿರುತ್ತಾನೆ ಎಂದು ಮಗ ಹೇಳುತ್ತಾನೆ. ಹಾಗಾದರೆ ಫಲಕಕ್ಕೂ ಬಿಸಿಲಿಗೂ 15 ಮತ್ತು 14 ಸೇರಿ 29 ಡಿಗ್ರಿ ಓರೆಯಾಗುತ್ತದೆಯೇ? ಅಷ್ಟು ಓರೆಯಾದರೆ ದುಡ್ಡು ದಂಡವಲ್ಲವೇ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ, ವಿಷುವದ ದಿನ ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ಎಷ್ಟು ವಾಲಿರುತ್ತಾನೋ ಅದೇ ಆ ಊರಿನ ಅಕ್ಷಾಂಶ, ಚಳ್ಳಕೆರೆಯದು ಸುಮಾರು 14.3 ಡಿಗ್ರಿ. ಆದರೆ ಎರಡನ್ನೂ ಕೂಡಬಾರದು. ಎರಡು ಓರೆಗಳು ಒಂದೇ ನೇರದಲ್ಲಿದ್ದರೆ ಮಾತ್ರ ಕೂಡುವುದು ಅಥವಾ ಕಳೆಯುವುದು ಸಲ್ಲುತ್ತದೆ. ನಿಮ್ಮ ಚಾವಣಿ ಪಶ್ಚಿಮಕ್ಕೆ ವಾಲಿದೆ, ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ; ಇವು ಒಂದಕ್ಕೊಂದು ಅಡ್ಡವಾಗಿವೆ. ಇಲ್ಲಿ ಕಾಗದದ ಮೇಲಿನ ಚಿತ್ರದಿಂದ ಕೋನ ಅಳೆಯುವುದು ಕಷ್ಟ, ಬಿಂದು ಗುಣಲಬ್ಧವೇ ದಾರಿ, ಮತ್ತು ಅದರ ಸೊಗಸೆಂದರೆ ಮೂರು ಘಟಕಗಳಿದ್ದರೂ ಅದೇ ಗುಣಿಸಿ ಕೂಡುವ ಕೆಲಸ.

ಫಲಕದ ಮೈಗೆ ಲಂಬವಾಗಿ ಒಂದು ಕಡ್ಡಿ ನೆಟ್ಟಿದ್ದೀರೆಂದು ಭಾವಿಸಿ. ಅದರ ಉದ್ದ 1 ಎಂದಿರಲಿ. ಅದು ಪಶ್ಚಿಮಕ್ಕೆ ಸೈನ್ 15, ಅಂದರೆ 0.259, ದಕ್ಷಿಣಕ್ಕೆ ಸೊನ್ನೆ, ಮೇಲಕ್ಕೆ ಕೊಸೈನ್ 15, ಅಂದರೆ 0.966. ಸೂರ್ಯನ ಕಡೆಗೆ ಹಿಡಿದ ಅಷ್ಟೇ ಉದ್ದದ ಕಡ್ಡಿ ಪಶ್ಚಿಮಕ್ಕೆ ಸೊನ್ನೆ, ದಕ್ಷಿಣಕ್ಕೆ 0.247, ಮೇಲಕ್ಕೆ 0.969. ಮೂರು ಜೋಡಿಗಳನ್ನೂ ಗುಣಿಸಿ ಕೂಡಿದರೆ ಮೊದಲೆರಡು ಸೊನ್ನೆಯಾಗಿ, ಮೂರನೆಯದು 0.936 ಉಳಿಯುತ್ತದೆ. ಕೊಸೈನ್ ವಿಲೋಮ 20.6 ಡಿಗ್ರಿ. ನೀವು ಹೆದರಿದ 29 ಅಲ್ಲ. ಫಲಕದ ಮೇಲೆ ನೇರವಾಗಿ ಬೀಳುವ ಬಿಸಿಲಿನ ಪಾಲೂ ಈ ಕೊಸೈನೇ ಆಗಿರುವುದರಿಂದ, ಸೂರ್ಯನಿಗೆ ನೆಟ್ಟಗೆ ಮುಖ ಮಾಡಿದ ಫಲಕಕ್ಕೆ 100 ಪಾಲು ಬಿದ್ದರೆ ನಿಮ್ಮದಕ್ಕೆ ಆ ಹೊತ್ತಿನಲ್ಲಿ 93.6 ಪಾಲು ಬೀಳುತ್ತದೆ.

ನಡುಹಗಲಿನ ಲೆಕ್ಕವೊಂದನ್ನೇ ನೋಡಿ ತೀರ್ಮಾನಿಸಬೇಡಿ, ಪಶ್ಚಿಮದ ಇಳಿಜಾರಿನ ನಿಜವಾದ ಗುಣದೋಷ ಬೆಳಿಗ್ಗೆ ಮತ್ತು ಸಂಜೆ ಕಾಣುತ್ತದೆ. ಅದೇ ದಿನ ನಡುಹಗಲು ಕಳೆದು ಮೂರು ಗಂಟೆಗೆ ಸೂರ್ಯನ ಕಡ್ಡಿಯ ಘಟಕಗಳು ಪಶ್ಚಿಮಕ್ಕೆ 0.707, ದಕ್ಷಿಣಕ್ಕೆ 0.175, ಮೇಲಕ್ಕೆ 0.685. ನಿಮ್ಮ ಫಲಕದೊಡನೆ ಗುಣಿಸಿ ಕೂಡಿದರೆ 0.183 + 0.662 = 0.845, ಕೋನ 32 ಡಿಗ್ರಿ. ಮಟ್ಟಸವಾಗಿ ಮಲಗಿಸಿದ ಫಲಕಕ್ಕೆ ಆಗ 47 ಡಿಗ್ರಿ ಇರುತ್ತಿತ್ತು. ಆದರೆ ನಡುಹಗಲಿಗೆ ಮೂರು ಗಂಟೆ ಮೊದಲು ಸೂರ್ಯ ಪೂರ್ವದಲ್ಲಿರುವುದರಿಂದ ಮೊದಲ ಘಟಕ ಋಣವಾಗುತ್ತದೆ: −0.183 + 0.662 = 0.479, ಕೋನ 61 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಮೇಲೆ ಮಿಲ್ಲು ಹೆಚ್ಚು ಓಡುವುದಾದರೆ ಈ ಚಾವಣಿ ನಿಮಗೆ ಅನುಕೂಲವೇ, ಬೆಳಗಿನ ಹೊತ್ತೇ ಮುಖ್ಯವಾದರೆ ಅಲ್ಲ. ನಡುಹಗಲು ಎಂದು ನಾನು ಹೇಳುತ್ತಿರುವುದು ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತನ್ನು. ಮಾರ್ಚ್ ವಿಷುವದ ಸುಮಾರಿಗೆ ನಿಮ್ಮ ಊರಿನಲ್ಲಿ ಅದು ಗಡಿಯಾರದ ಹನ್ನೆರಡೂವರೆಗೆ ಬರುತ್ತದೆ.

ಋತುವಿನೊಡನೆಯೂ ಇದು ಬದಲಾಗುತ್ತದೆ. ಜೂನ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ನಿಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ 9 ಡಿಗ್ರಿ ಹೋಗಿರುತ್ತಾನೆ, ಆಗ ಫಲಕದೊಡನೆ ಕೋನ ಹದಿನೇಳೂವರೆ ಡಿಗ್ರಿ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣಕ್ಕೆ 37.7 ಡಿಗ್ರಿ ಇಳಿದಿರುತ್ತಾನೆ, ಆಗ ಕೋನ 40 ಡಿಗ್ರಿಯಷ್ಟು. ಚಾವಣಿಯ ಮೇಲೆ ಕಬ್ಬಿಣದ ಚೌಕಟ್ಟು ಹಾಕಿಸಿ ಫಲಕಗಳನ್ನು ದಕ್ಷಿಣಕ್ಕೆ 14 ಡಿಗ್ರಿಯಷ್ಟು ವಾಲಿಸುವುದಾದರೆ ಚಳಿಗಾಲದ ಈ ಕೊರತೆ ಬಹುಮಟ್ಟಿಗೆ ತಗ್ಗುತ್ತದೆ. ಚೌಕಟ್ಟಿನ ಖರ್ಚಿಗೆ ಅದು ಸರಿದೂಗುವುದೇ ಎಂಬುದನ್ನು ನೀವೇ ತೂಗಿ ನೋಡಬೇಕು.

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಸದಿಶಗಳ ನಡುವಿನ ಕೋನಕ್ಕೆ ಕೊಸೈನ್ ವಿಲೋಮದಿಂದ ಪ್ರೋಗ್ರಾಮ್ ಬರೆದಿದ್ದೇನೆ. ಎರಡೂ ಸದಿಶಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿದ್ದಾಗ ಕೆಲವೊಮ್ಮೆ ಸೊನ್ನೆ ಬರುತ್ತದೆ, ಕೆಲವೊಮ್ಮೆ ಉತ್ತರ ಸಂಖ್ಯೆಯೇ ಅಲ್ಲವೆಂದು ತೋರಿಸುತ್ತದೆ. ಸೂತ್ರವೇ ತಪ್ಪೇ?

ಉತ್ತರ: ಸೂತ್ರ ಸರಿಯಾಗಿದೆ, ಆದರೆ ಅಂಕಿಗಳು ಸಾಲುತ್ತಿಲ್ಲ. ಲಂಬಕೋನದ ಹತ್ತಿರ ಕೊಸೈನ್ ಚುರುಕು, ಸೈನ್ ಮಂದ ಎಂದು ಸೈಟಿನ ಲೆಕ್ಕದಲ್ಲಿ ನೋಡಿದೆವು. ಸೊನ್ನೆಯ ಹತ್ತಿರ ಇದು ತಿರುವುಮುರುವಾಗುತ್ತದೆ. 0.01 ಡಿಗ್ರಿಯ ಕೊಸೈನ್ 0.999999985, ಏಳು ಅಂಕಿಗಳಷ್ಟೇ ನಿಲ್ಲುವ ಏಕನಿಖರತೆಯ ಸಂಖ್ಯೆಯಲ್ಲಿ ಅದು 1 ಆಗಿಬಿಡುತ್ತದೆ, 1ರ ಕೊಸೈನ್ ವಿಲೋಮ ಸೊನ್ನೆ. ಅದೇ ಕೋನದ ಸೈನ್ 0.0001745, ಒಂದು ಅಂಕಿಯೂ ನಷ್ಟವಾಗದೆ ಉಳಿಯುತ್ತದೆ. ಇನ್ನು ಗುಣಾಕಾರ, ವರ್ಗಮೂಲ, ಭಾಗಾಕಾರಗಳಲ್ಲಿ ಕೊನೆಯ ಅಂಕಿ ಮೇಲಕ್ಕೆ ಸರಿದು ಭಾಗಲಬ್ಧ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚಾದರೆ, ಅಂಥ ಕೊಸೈನ್ ಇರುವ ಕೋನವೇ ಇಲ್ಲವಾದ್ದರಿಂದ ಪ್ರೋಗ್ರಾಮ್ ಕೈಚೆಲ್ಲುತ್ತದೆ. ಬೆಲೆಯನ್ನು 1 ಮತ್ತು −1ರ ಒಳಗೆ ಕಟ್ಟಿಹಾಕಿದರೆ ಈ ಎರಡನೆಯ ತೊಂದರೆ ನಿಲ್ಲುತ್ತದೆ, ಮೊದಲನೆಯದು ಹಾಗೆಯೇ ಉಳಿಯುತ್ತದೆ.

ಸರಿಯಾದ ಉಪಾಯವೆಂದರೆ ಸೈನ್ ಮತ್ತು ಕೊಸೈನ್ ಎರಡನ್ನೂ ಕೈಯಲ್ಲಿ ಹಿಡಿದುಕೊಳ್ಳುವುದು. ಬಿಂದು ಗುಣಲಬ್ಧವನ್ನೂ, ಸದಿಶ ಗುಣಲಬ್ಧದ (ಸಮತಲದಲ್ಲಾದರೆ ಮೊದಲ ಉತ್ತರದ ಅಡ್ಡ ಗುಣಾಕಾರದ) ಪರಿಮಾಣವನ್ನೂ ಲೆಕ್ಕ ಮಾಡಿ, ಎರಡನ್ನೂ ಭಾಗಿಸದೆ ಬೇರೆಬೇರೆಯಾಗಿಯೇ ‘ಎಟ್ಯಾನ್2’ ಎಂಬ ಫಂಕ್ಷನ್‌ಗೆ ಕೊಡಿ. ಮೊದಲ ಪ್ರಶ್ನೆಯ ವಿದ್ಯಾರ್ಥಿನಿಗೆ ಆದ ತೊಂದರೆ ಭಾಗಾಕಾರದಲ್ಲಿ ಚಿಹ್ನೆ ಕಳೆದುಹೋದದ್ದು. ಈ ಫಂಕ್ಷನ್ ಎರಡು ಸಂಖ್ಯೆಗಳನ್ನೂ ಅವುಗಳ ಚಿಹ್ನೆಗಳೊಡನೆ ನೋಡಿ ಚತುರ್ಥಕವನ್ನು ತಾನೇ ನಿರ್ಧರಿಸುತ್ತದೆ. ಪರಿಮಾಣಗಳಿಂದ ಭಾಗಿಸುವ ಅಗತ್ಯವೂ ಇಲ್ಲ, ಏಕೆಂದರೆ ಪರಿಮಾಣಗಳ ಗುಣಲಬ್ಧ (ಮೊದಲ ಉತ್ತರದಲ್ಲಿ 65) ಎರಡರಲ್ಲಿಯೂ ಇರುವುದರಿಂದ ತಾನಾಗಿಯೇ ಹೋಗುತ್ತದೆ. ಸಮತಲದಲ್ಲಿ ಕೆಲಸ ಮಾಡುತ್ತಿದ್ದರೆ ಅಡ್ಡ ಗುಣಾಕಾರದ ಚಿಹ್ನೆಯನ್ನೂ ಹಾಗೆಯೇ ಬಿಡಿ. ಮೊದಲ ಸದಿಶದಿಂದ ಎರಡನೆಯದಕ್ಕೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದೂ ಉತ್ತರದ ಚಿಹ್ನೆಯಲ್ಲಿ ಸಿಗುತ್ತದೆ.

ಸಿ, ಪೈಥಾನ್, ಜಾವಾ ಭಾಷೆಗಳಲ್ಲಿ ಈ ಫಂಕ್ಷನ್‌ಗೆ ಮೊದಲು ಸೈನ್ ಕಡೆಯ ಸಂಖ್ಯೆಯನ್ನೂ ಆಮೇಲೆ ಕೊಸೈನ್ ಕಡೆಯದನ್ನೂ ಕೊಡಬೇಕು, ಎಕ್ಸೆಲ್‌ನಲ್ಲಿ ಕ್ರಮ ಇದಕ್ಕೆ ವಿರುದ್ಧವಾಗಿದೆ. ಆದ್ದರಿಂದ ಹೊಸ ಕಡೆ ಬಳಸುವ ಮೊದಲು ಮೊದಲ ಉತ್ತರದ 63 ಮತ್ತು 16 ಕೊಟ್ಟು ನೋಡಿ. ಉತ್ತರ ರೇಡಿಯನ್‌ನಲ್ಲಿ ಬರುತ್ತದೆ, ಡಿಗ್ರಿಗೆ ಬದಲಿಸಿದಾಗ 75.75 ಬಂದರೆ ಕ್ರಮ ಸರಿಯಾಗಿದೆ, 14.25 ಬಂದರೆ ಸಂಖ್ಯೆಗಳು ಅದಲುಬದಲಾಗಿವೆ.